ಜಾರುವ ತಂತಿ, ನಿಲ್ಲುವ ಶ್ರುತಿ

ವಿದ್ಯುತ್ ಗಿಟಾರು ಶ್ರುತಿ ಬಿಟ್ಟಿತೆಂದು ಕಿವಿಗೆ ತೋರಿದೊಡನೆ ವಾದಕನ ಕೈ ಹೋಗುವುದು ಬಿರಡೆಗಳ ಕಡೆಗೆ. ಅವನ್ನು ತಿರುಗಿಸಿ ಸ್ವರವನ್ನು ಸ್ವಸ್ಥಾನಕ್ಕೆ ತಂದಮೇಲೂ, ಒಂದು ಹಾಡು ಮುಗಿಯುವುದರೊಳಗೆ ಅದು ಮತ್ತೆ ಕೆಟ್ಟಿತೆಂದರೆ, ಆತನ ಕೋಪವೆಲ್ಲ ಆ ಬಿರಡೆಗಳ ಮೇಲೆಯೇ ತಿರುಗಿ, ಹಳೆಯವನ್ನು ಕಿತ್ತೆಸೆದು ಹೆಚ್ಚಿನ ಬೆಲೆಯ ಹೊಸವನ್ನು ಕೂಡಿಸುವ ಆಲೋಚನೆ ಹುಟ್ಟುತ್ತದೆ. ಅಂಗಡಿಯವರೂ ಆ ಆಲೋಚನೆಗೆ ಅಡ್ಡಬರುವುದಿಲ್ಲ. ಆದರೆ ಈ ಅಪರಾಧದಲ್ಲಿ ಬಿರಡೆಯ ಪಾಲು ಬಹುಮಟ್ಟಿಗೆ ಇಲ್ಲವೆಂದೇ ಹೇಳಬೇಕು. ನಮ್ಮ ವೀಣೆಯ ಬಿರಡೆ ಮರದ ರಂಧ್ರದೊಳಗೆ ಮರದ ಬಿಗಿತದಿಂದಲೇ ನಿಂತಿರುವಂಥದು. ಅದು ಜಾರುತ್ತದೆಂದೇ ವೈಣಿಕರು ಅದಕ್ಕೆ ಸೀಮೆಸುಣ್ಣ ತಿಕ್ಕುವುದು. ಗಿಟಾರಿನ ಲೋಹದ ಬಿರಡೆಯ ರಚನೆಯೇ ಬೇರೆ: ಬೆರಳಿನಿಂದ ತಿರುಗಿಸುವ ಗುಂಡಿಗೆ ಒಂದು ತಿರುಪು, ತಂತಿ ಸುತ್ತಿಕೊಳ್ಳುವ ಕಂಬಕ್ಕೆ ಒಂದು ಹಲ್ಲುಚಕ್ರ; ಗುಂಡಿಯನ್ನು 14 ಅಥವಾ 18 ಬಾರಿ ಸುತ್ತಿಸಿದರೆ ಕಂಬ ಒಮ್ಮೆ ಸುತ್ತುತ್ತದೆ; ತಿರುಪು ಚಕ್ರವನ್ನು ತಿರುಗಿಸಬಲ್ಲದೇ ಹೊರತು, ತಂತಿ ಎಷ್ಟೇ ಜಗ್ಗಿದರೂ ಚಕ್ರವು ತಿರುಪನ್ನು ಹಿಂದಕ್ಕೆ ತಿರುಗಿಸಲಾರದು. ಸವೆದು ಹಳತಾದ, ಮೊಳೆ ಸಡಿಲಗೊಂಡ ಬಿರಡೆಗಳ ಮಾತು ಬೇರೆ. ಉಳಿದಂತೆ, ವೀಣೆಯಲ್ಲಿ ತೊಡಕು ಜಾರುವುದರಿಂದ ಬಂದರೆ ಗಿಟಾರಿನಲ್ಲಿ ಅದು ಬರುವುದು ಜಾರದಿರುವುದರಿಂದ.

ತಂತಿಯ ಹಾದಿಯನ್ನು ಒಮ್ಮೆ ಅನುಸರಿಸಿ ನೋಡಿದರೆ ಇದು ಸ್ಪಷ್ಟವಾದೀತು. ಗಿಟಾರಿನ ಒಡಲಿನ ಮೇಲಿರುವ ಕುದುರೆಯಲ್ಲಿ, ಎಂದರೆ ವಾದಕರು ಬ್ರಿಡ್ಜ್ ಎನ್ನುವ ಭಾಗದಲ್ಲಿ, ತಂತಿಯ ಒಂದು ತುದಿ ಸಿಕ್ಕಿಕೊಂಡಿರುತ್ತದೆ. ಅಲ್ಲಿಂದ ಹೊರಟ ತಂತಿ ಕೊರಳಿನುದ್ದಕ್ಕೂ ಮೆಟ್ಟುಗಳ ಮೇಲೆ ಹಾಯ್ದು, ಕೊರಳು ಮುಗಿಯುವಲ್ಲಿ ಅಡ್ಡಲಾಗಿ ಕೂಡಿಸಿರುವ, ನಟ್ ಎಂದು ಎಲ್ಲರೂ ಕರೆಯುವ ಚಿಕ್ಕ ಪಟ್ಟಿಯ ಕೊರಕಲಿನಲ್ಲಿ ಇಳಿದು, ಅಲ್ಲಿ ಕೊಂಚ ಬಾಗಿ, ತಲೆಯ ಭಾಗದ ಬಿರಡೆಯ ಕಂಬವನ್ನು ಸೇರುತ್ತದೆ. ನಾದ ಹುಟ್ಟುವುದು ನಟ್ಟಿಗೂ ಕುದುರೆಗೂ ನಡುವಣ ಭಾಗದಲ್ಲಿ ಮಾತ್ರ. ಆ ಭಾಗದ ಬಿಗುವು ಬದಲಾದಾಗಲೆಲ್ಲ ತಂತಿ ಈ ಎರಡು ಹೊಸ್ತಿಲುಗಳನ್ನು ಎಳ್ಳಷ್ಟಾದರೂ ದಾಟಬೇಕಾಗುತ್ತದೆ, ಮತ್ತು ದಾಟಿದ್ದು ಹಾಗೆಯೇ ಹಿಂದಿರುಗಬೇಕಾಗುತ್ತದೆ. ಹಿಂದಿರುಗದೆ ನಡುವೆ ನಿಂತುಬಿಟ್ಟರೆ ಶ್ರುತಿ ಹೋಯಿತು.

ಎಳ್ಳಷ್ಟು ಎಂದದ್ದು ಅತಿಶಯದ ಮಾತಾಯಿತು. ಎಳ್ಳು ಇಲ್ಲಿ ಬಲು ದೊಡ್ಡ ಅಳತೆ. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವ, ಮೊದಲ ತಂತಿ 0.010 ಅಂಗುಲ ದಪ್ಪವಿರುವ ತಂತಿಗಳ ಕಟ್ಟನ್ನು ಫೆಂಡರ್ ಮಾದರಿಯ ಗಿಟಾರಿಗೆ ಏರಿಸಿ ಶ್ರುತಿಗೂಡಿಸಿದರೆ, ಆರು ತಂತಿಗಳೂ ಸೇರಿ ಕೊರಳನ್ನು 45 ಕಿಲೋಗ್ರಾಮಿಗೂ ಮಿಗಿಲಾದ ಬಲದಿಂದ ಎಳೆಯುತ್ತಿರುತ್ತವೆ. ಅವುಗಳಲ್ಲಿ ಮೂರನೆಯದು, ಸೆಕೆಂಡಿಗೆ 196 ಬಾರಿ ಕಂಪಿಸುವ ಜಿ ತಂತಿ, ಸುಮಾರು ಏಳೂವರೆ ಕಿಲೋಗ್ರಾಂ ಬಿಗುವಿನಲ್ಲಿ ನಿಲ್ಲುತ್ತದೆ. ಕಂಪನಸಂಖ್ಯೆಯು ಬಿಗುವಿನ ವರ್ಗಮೂಲವನ್ನು ಅನುಸರಿಸುವುದರಿಂದ, ಬಿಗುವಿನಲ್ಲಿ ನೂರಕ್ಕೆ ಒಂದು ಪಾಲು, ಎಂದರೆ 75 ಗ್ರಾಮಿನಷ್ಟು ಹೆಚ್ಚುಕಡಿಮೆಯಾದರೂ ಸ್ವರವು ಎಂಟು-ಒಂಬತ್ತು ಸೆಂಟುಗಳಷ್ಟು ಸರಿಯುತ್ತದೆ. ಅರ್ಧಸ್ವರದ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲಿಗೆ ಸೆಂಟ್ ಎಂಬ ಹೆಸರು. ಒಂಟಿ ಸ್ವರವಾಗಿ ಕೇಳಿದಾಗ ಈ ಎಂಟು-ಒಂಬತ್ತು ಸೆಂಟುಗಳ ವ್ಯತ್ಯಾಸವನ್ನು ಹಲವರು ಗುರುತಿಸಲಾರರು. ಆದರೆ ಗಿಟಾರಿನಲ್ಲಿ ನಾಲ್ಕಾರು ತಂತಿಗಳನ್ನು ಒಟ್ಟಿಗೆ ಮೀಟುವುದೇ ಪದ್ಧತಿಯಾದ್ದರಿಂದ, ಪಕ್ಕದ ತಂತಿಯೊಡನೆ ಹೊಂದದ ಸ್ವರ ಅಲೆಅಲೆಯಾಗಿ ನಡುಗಿ, ಸಂಗೀತಶಾಸ್ತ್ರದ ಗಂಧವಿಲ್ಲದವನಿಗೂ ಏನೋ ಅಪಸ್ವರವಿದೆಯೆಂದು ಹೇಳಿಬಿಡುತ್ತದೆ.

ಈ ಜಿ ತಂತಿಯೇ ಗಿಟಾರುಗಾರರ ಕುಲಶತ್ರು. ಉಳಿದ ಐದೂ ಸರಿಯಾಗಿರುವಾಗ ಇದೊಂದು ಕೆಟ್ಟಿರುವುದನ್ನು ಕಾಣದ ವಾದಕನಿಲ್ಲ. ಅದಕ್ಕೆ ಕಾರಣ ಅದೃಷ್ಟವಲ್ಲ, ಉಕ್ಕಿನ ಸ್ವಭಾವ. 0.010 ಅಂಗುಲದ ಮೊದಲ ತಂತಿ ತೆಳ್ಳಗಿರುವುದರಿಂದ, ಶ್ರುತಿಗೆ ಬರುವಷ್ಟರಲ್ಲಿ ಅದರ ನಾದಭಾಗ ನಾಲ್ಕೂವರೆ ಮಿಲಿಮೀಟರಿನಷ್ಟು ಹಿಗ್ಗಿರುತ್ತದೆ. 0.017 ಅಂಗುಲದ ಜಿ ತಂತಿಯೋ, ಹೆಚ್ಚುಕಡಿಮೆ ಅಷ್ಟೇ ಬಿಗುವಿಗೆ ಒಳಗಾದರೂ, ದಪ್ಪವಾದ್ದರಿಂದ ಒಂದೂವರೆ ಮಿಲಿಮೀಟರಿಗಿಂತ ತುಸು ಹೆಚ್ಚಾಗಿ ಮಾತ್ರ ಹಿಗ್ಗುತ್ತದೆ. ಹೀಗಿರಲಾಗಿ, ನಟ್ಟಿನ ಕೊರಕಲಿನಲ್ಲಿ ಒಂದು ಮಿಲಿಮೀಟರಿನ ಸಾವಿರದಲ್ಲಿ ಹದಿನಾರು ಪಾಲು, ತಲೆಗೂದಲಿನ ದಪ್ಪದ ಕಾಲುಭಾಗ, ಆಚೀಚೆ ಸರಿದು ಅಲ್ಲಿಯೇ ನಿಂತರೆ ಸಾಕು, ಜಿ ತಂತಿಯ ಬಿಗುವಿನ ನೂರರಲ್ಲೊಂದು ಪಾಲು ಏರುಪೇರಾಗುತ್ತದೆ. ಮೊದಲ ತಂತಿಯಲ್ಲಿ ಅಷ್ಟೇ ದೋಷ ಕಾಣಬೇಕಾದರೆ ಮೂರರಷ್ಟು ಸರಿಯಬೇಕು. ಬಿಸಿಲಿಗೂ ವೇದಿಕೆಯ ದೀಪಗಳ ಶಾಖಕ್ಕೂ ಜಿ ತಂತಿಯೇ ಮೊದಲು ಇಳಿಯುವುದರ ಮರ್ಮವೂ ಇದೇ.

ಇನ್ನು ಘರ್ಷಣೆಯ ವಿಚಾರ. ಹಗ್ಗವನ್ನು ಗೂಟಕ್ಕೆ ಒಂದೆರಡು ಸುತ್ತು ಹಾಕಿ ಹಿಡಿದವನು ಮದವೇರಿದ ಹೋರಿಯನ್ನೂ ತಡೆದು ನಿಲ್ಲಿಸಬಲ್ಲನಷ್ಟೆ? ಆ ಸುತ್ತುಗಳ ಘರ್ಷಣೆ ಕೋನದೊಡನೆ ಹೇಗೆ ಬೆಳೆಯುತ್ತದೆಂಬುದನ್ನು 18ನೆಯ ಶತಮಾನದಲ್ಲಿಯೇ ಗಣಿತಜ್ಞ ಆಯ್ಲರ್ ಸೂತ್ರರೂಪದಲ್ಲಿ ಕೊಟ್ಟಿದ್ದಾನೆ. ಗಿಟಾರಿನ ತಂತಿ ನಟ್ಟನ್ನು ಸುತ್ತುವುದಿಲ್ಲ, ಬರಿದೆ ಬಾಗುತ್ತದೆ; ಆದರೂ ಸೂತ್ರ ಅದೇ. ಹತ್ತು ಡಿಗ್ರಿ ಬಾಗಿದ ತಂತಿಗೆ ಘರ್ಷಣಾಂಕ 0.2 ಎಂದು ಹಿಡಿದು ಲೆಕ್ಕ ಹಾಕಿದರೆ, ನಟ್ಟಿನ ಎರಡು ಪಕ್ಕಗಳ ಬಿಗುವಿನಲ್ಲಿ ನೂರಕ್ಕೆ ಮೂರೂವರೆಯಷ್ಟು ಅಂತರವಿದ್ದರೂ ತಂತಿ ಅಲುಗದೆ ನಿಲ್ಲಬಲ್ಲದೆಂದು ತಿಳಿಯುತ್ತದೆ. ಸ್ವರದಲ್ಲಿ ಅದು ಮೂವತ್ತು ಸೆಂಟುಗಳು, ಎಂದರೆ ಅರ್ಧಸ್ವರದ ಮೂರನೆಯ ಒಂದು ಭಾಗದಷ್ಟು. ಘರ್ಷಣಾಂಕವನ್ನು 0.1ಕ್ಕೆ ಇಳಿಸಿದರೆ ದೋಷವೂ ಅರ್ಧಕ್ಕಿಳಿಯುತ್ತದೆ. ಕೋನವನ್ನು ಇಳಿಸಿದರೂ ಹಾಗೆಯೇ. ಕೀಲೆಣ್ಣೆಯ ಪ್ರಯೋಜನವೂ ಅದರ ಮಿತಿಯೂ ಎರಡೂ ಈ ಲೆಕ್ಕದೊಳಗೆ ಅಡಗಿವೆ.

ದೋಷ ಎಲ್ಲಿದೆಯೆಂದು ತಿಳಿಯುವುದಕ್ಕೆ ಯಂತ್ರವೇನೂ ಬೇಕಿಲ್ಲ. ತಂತಿಯನ್ನು ಅಡ್ಡಲಾಗಿ ಎಳೆದು ಸ್ವರವನ್ನು ಏರಿಸಿ ಬಿಟ್ಟಾಗ ಬಿರಡೆಯ ಕಡೆಯಿಂದ ನುಸುಳಿಬಂದ ತಂತಿ ಹಿಂದಿರುಗದೆ ಹೋದರೆ ಸ್ವರ ಇಳಿದಿರುತ್ತದೆ. ಅದಕ್ಕೆ ವಿರುದ್ಧವಾಗಿ, ಕುದುರೆಗೆ ಜೋಡಿಸಿದ ಸನ್ನೆಯನ್ನು ಒತ್ತಿ ತಂತಿಗಳನ್ನು ಸಡಿಲಿಸಿ ಬಿಟ್ಟಾಗ ಬಿರಡೆಯ ಕಡೆಗೆ ಸರಿದ ತಂತಿ ಅಲ್ಲಿಯೇ ಕಚ್ಚಿಕೊಂಡರೆ ಸ್ವರ ಏರಿರುತ್ತದೆ. ಈ ಎರಡು ಲಕ್ಷಣಗಳು ಒಂದೇ ಗಿಟಾರಿನಲ್ಲಿ ಕಂಡುಬಂದರೆ ನಟ್ಟಿನ ಮೇಲೆ ಸಂಶಯಪಡಲು ಅಡ್ಡಿಯಿಲ್ಲ. ಬಿರಡೆಯನ್ನು ಮೆಲ್ಲಗೆ ತಿರುಗಿಸುವಾಗ ಸ್ವರ ಏರದೆ ನಿಂತು, ಒಮ್ಮೆಲೇ ‘ಟಿಂಕ್’ ಎಂಬ ಸದ್ದಿನೊಡನೆ ಮೇಲಕ್ಕೆ ಹಾರಿದರಂತೂ ಸಂಶಯಕ್ಕೂ ಎಡೆಯಿಲ್ಲ. ಅಲ್ಲಿಯವರೆಗೆ ಕೊರಕಲಿನಲ್ಲಿ ಸಿಕ್ಕಿಬಿದ್ದಿದ್ದ ತಂತಿ ಆಗ ಬಿಡಿಸಿಕೊಂಡಿತೆಂದರ್ಥ.

ಆಗ ಎಣ್ಣೆಗೆ ಮೊದಲು ಬೇಕಾಗುವುದು ಅರ. ನಟ್ಟನ್ನು ಎತ್ತಿನ ಮೂಳೆಯಿಂದಲೋ ಪ್ಲಾಸ್ಟಿಕ್ಕಿನಿಂದಲೋ ಹಿತ್ತಾಳೆಯಿಂದಲೋ ಮಾಡಿರುತ್ತಾರೆ. ಯಾವುದರಿಂದ ಮಾಡಿದರೂ ಕೊರಕಲು ತಂತಿಗಿಂತ ಕೂದಲೆಳೆಯಷ್ಟು ಅಗಲವಾಗಿದ್ದು, ತಳ ದುಂಡಗಾಗಿ ನುಣುಪಾಗಿ, ತಲೆಯ ಕಡೆಗೆ ಇಳಿಜಾರಾಗಿರಬೇಕು. ತೆಳುವಾದ ತಂತಿಗಳಿಗೆಂದು ಕೊರೆದ ನಟ್ಟಿಗೆ ದಪ್ಪ ತಂತಿಗಳನ್ನು ಏರಿಸಿದವರು ತಮ್ಮ ಕಷ್ಟವನ್ನು ತಾವೇ ತಂದುಕೊಂಡಂತಾಯಿತು. ಇಕ್ಕಟ್ಟಿನ ಕೊರಕಲಿನ ಎರಡು ಗೋಡೆಗಳು ಹಿಡಿದುಕೊಂಡ ತಂತಿಯನ್ನು ಯಾವ ಲೇಪವೂ ಬಿಡಿಸಲಾರದು. ಪ್ರತಿಯೊಂದು ತಂತಿಯ ದಪ್ಪಕ್ಕೂ ಬೇರೆಬೇರೆ ಅರಗಳುಂಟು. ಅವು ಅಗ್ಗವಲ್ಲ, ಕೈಪಳಗದವನು ಒಂದು ತಿಕ್ಕು ಹೆಚ್ಚು ತಿಕ್ಕಿದರೆ ಕೊರಕಲು ಆಳವಾಗಿ ತಂತಿ ಮೊದಲ ಮೆಟ್ಟಿಗೆ ಬಡಿಯುತ್ತದೆ. ಆದುದರಿಂದ ಈ ಕೆಲಸವೊಂದನ್ನು ಬಲ್ಲ ಕುಶಲಿಗೆ ಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ.

ಕೋನದ ವಿಷಯದಲ್ಲಿ ವಾದ್ಯ ಮಾಡುವವರೇ ಎರಡು ಪಂಗಡ. ಗಿಬ್ಸನ್ ಸಂಸ್ಥೆಯ, 1952ರಲ್ಲಿ ಬಂದ ಲೆಸ್ ಪಾಲ್ ಗಿಟಾರಿನ ತಲೆ ಹಿಂದಕ್ಕೆ ಸುಮಾರು 17 ಡಿಗ್ರಿ ಬಾಗಿದೆ. ಬಿರಡೆಗಳು ಪಕ್ಕಕ್ಕೆ ಮೂರು ಮೂರಾಗಿ ನಿಂತಿವೆ. ನಡುವಿನ ಎರಡು ತಂತಿಗಳು ಅಲ್ಲಿ ಕೆಳಕ್ಕೆ ಬಾಗುವುದು ಮಾತ್ರವಲ್ಲದೆ ಹೊರಕ್ಕೂ ತಿರುಗಿ ತಮ್ಮ ಬಿರಡೆಗಳನ್ನು ಹುಡುಕಿಕೊಂಡು ಹೋಗಬೇಕು; ಮೊದಲೇ ಸೂಕ್ಷ್ಮಪ್ರಕೃತಿಯ ಜಿ ತಂತಿ ಆ ಎರಡರಲ್ಲೊಂದು. ಫೆಂಡರ್ ಗಿಟಾರುಗಳ ತಲೆಯಲ್ಲಿ ಆರು ಬಿರಡೆಗಳೂ ಒಂದೇ ಸಾಲಿನಲ್ಲಿದ್ದು ತಂತಿಗಳು ನೇರವಾಗಿ ಸಾಗುತ್ತವೆ. ಆದರೆ ತಲೆ ಬಾಗಿಲ್ಲದ ಕಾರಣ ದೂರದ ಬಿರಡೆಗಳಿಗೆ ಹೋಗುವ ತೆಳುತಂತಿಗಳು ನಟ್ಟಿನಿಂದ ಮೇಲೇಳದಂತೆ ಅವನ್ನು ಅದುಮುವ ಚಿಕ್ಕ ಕೊಕ್ಕೆಗಳು ಬೇಕಾದುವು. ಕೊಕ್ಕೆ ಬಂದಮೇಲೆ ಘರ್ಷಣೆಗೆ ಇನ್ನೊಂದು ನೆಲೆ ಬಂದಂತೆಯೇ. ನಟ್ಟಿಗೆ ಲೇಪ ಹಚ್ಚಿ ಕೊಕ್ಕೆಯನ್ನು ಮರೆಯುವವರೇ ಹೆಚ್ಚು.

ಲೇಪಗಳಲ್ಲಿ ಅತ್ಯಂತ ಹಳೆಯದೂ ಅಗ್ಗವಾದುದೂ ಸೀಸದಕಡ್ಡಿ. ಪಿಟೀಲು ಕಟ್ಟುವವರು ವಿದ್ಯುತ್ ಗಿಟಾರು ಹುಟ್ಟುವುದಕ್ಕೆ ಮುಂಚಿನಿಂದಲೂ ಕುದುರೆಯ ಗೆರೆಗಳಿಗೆ ಅದರ ಮೊನೆಯನ್ನು ತಿಕ್ಕುತ್ತ ಬಂದಿದ್ದಾರೆ. ಅದರಲ್ಲಿರುವ ಗ್ರಾಫೈಟು ಇಂಗಾಲದ ಪರಮಾಣುಗಳ ಹಾಳೆಗಳಿಂದಾದುದು. ಹಾಳೆಯೊಳಗಿನ ಬಂಧ ಬಲವಾಗಿದ್ದರೂ ಹಾಳೆಹಾಳೆಗಳ ನಡುವಣ ಬಂಧ ದುರ್ಬಲವಾದ್ದರಿಂದ ಒಂದರ ಮೇಲೊಂದು ಜಾರುತ್ತವೆ. ಈ ಜಾರುವಿಕೆಗೆ ಗಾಳಿಯಲ್ಲಿನ ತೇವದ ಸಹಾಯವೂ ಬೇಕೆಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಲು ವಿಚಿತ್ರವಾಗಿ ಹೊರಬಿದ್ದಿತು: ಬಹಳ ಎತ್ತರದಲ್ಲಿ ಹಾರುವ ವಿಮಾನಗಳ ವಿದ್ಯುಜ್ಜನಕಗಳಲ್ಲಿ, ನೆಲದ ಮೇಲೆ ದೀರ್ಘಕಾಲ ಬಾಳುತ್ತಿದ್ದ ಇಂಗಾಲದ ಬ್ರಷ್ಷುಗಳು ಅಲ್ಲಿನ ಒಣಗಾಳಿಯಲ್ಲಿ ಬೇಗಬೇಗನೆ ಪುಡಿಯಾಗಿ ಉದುರತೊಡಗಿದುವು. ನಮ್ಮ ಕರಾವಳಿಯ ವಾದಕರಿಗೆ ಆ ಭಯವಿಲ್ಲ. ತೇವಕ್ಕೆ ಅಲ್ಲಿ ಬರವಿಲ್ಲ. ತಂತಿಗೆ ಹಿಡಿಯುವ ತುಕ್ಕು ಮಾತ್ರ ಅಲ್ಲಿಯ ವಾದಕರ ಬೇರೆ ದುಃಖ, ಏಕೆಂದರೆ ತುಕ್ಕಿನಿಂದ ಒರಟಾದ ತಂತಿ ಎಂಥ ನುಣುಪಾದ ಕೊರಕಲನ್ನೂ ಗರಗಸದಂತೆ ಕೊರೆಯುತ್ತದೆ.

ಮಾಡುವ ವಿಧಾನ ಸುಲಭ. ಹೊಸ ತಂತಿ ಹಾಕುವ ದಿನ, ಹಳೆಯದನ್ನು ತೆಗೆದೊಡನೆ, ಕೊರಕಲಿನಲ್ಲಿ ಕೂತ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, 2ಬಿ ಅಥವಾ 4ಬಿಯಂಥ ಮೆತ್ತನೆಯ ಸೀಸದಕಡ್ಡಿಯ ಚೂಪುಮೊನೆಯನ್ನು ಅದರೊಳಗೆ ಹತ್ತಾರು ಸಲ ಎಳೆದು, ಕೊಕ್ಕೆಗಳ ಒಳಮೈಗೂ ಕುದುರೆಯ ಮೇಲೆ ತಂತಿ ಕೂಡುವ ತಾಣಕ್ಕೂ ಹಾಗೆಯೇ ಮಾಡಿದರೆ ಆಯಿತು. ಬಿಳಿಯ ಮೂಳೆಯ ನಟ್ಟು ಕಪ್ಪಾಗುತ್ತದೆ. ಆ ಕಪ್ಪನ್ನು ಸಹಿಸಲಾರದವರಿಗೆ ಬೇರೆ ಮಾರ್ಗವುಂಟು; ಅದು ಮುಂದೆ ಬರುತ್ತದೆ. ಗ್ರಾಫೈಟಿನ ಪುಡಿಯನ್ನು ಒಂದು ಚಿಟಿಕೆ ವ್ಯಾಸಲೀನಿನಲ್ಲಿ ಕಲಸಿ, ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆಗಿಂತ ಕಿರಿದಾಗಿ ತೆಗೆದು ಹಚ್ಚುವವರೂ ಇದ್ದಾರೆ. ಆ ಪುಡಿ ವಿದ್ಯುತ್ತನ್ನು ಹರಿಸುವಂಥದು; ಗಿಟಾರಿನೊಳಗಣ ಸ್ವಿಚ್ಚುಗಳ ಹತ್ತಿರ ಅದು ಚೆಲ್ಲದಂತೆ ನೋಡಿಕೊಳ್ಳಬೇಕು.

ಗ್ರಾಫೈಟಿಗಿಂತಲೂ ನುಣುಪಾದ ವಸ್ತುವೊಂದು ದೊರೆತದ್ದು ಆಕಸ್ಮಿಕವಾಗಿ. 1938ರ ಏಪ್ರಿಲ್ 6ರಂದು ಅಮೆರಿಕದ ನ್ಯೂಜೆರ್ಸಿಯ ಡ್ಯೂಪಾಂಟ್ ಪ್ರಯೋಗಶಾಲೆಯಲ್ಲಿ ರಾಯ್ ಪ್ಲಂಕೆಟ್ ಎಂಬ ತರುಣ ರಸಾಯನಜ್ಞ, ಶೈತ್ಯಯಂತ್ರಗಳಿಗೆ ಬೇಕಾದ ಅನಿಲಗಳ ಅನ್ವೇಷಣೆಯಲ್ಲಿದ್ದಾಗ, ಅನಿಲ ತುಂಬಿಟ್ಟಿದ್ದ ಒಂದು ಸಿಲಿಂಡರಿನ ಬಾಯಿ ತೆರೆದರೆ ಏನೂ ಹೊರಬರಲಿಲ್ಲ. ತೂಗಿ ನೋಡಿದರೆ ತೂಕ ಮಾತ್ರ ಇದ್ದಂತೆಯೇ ಇದ್ದಿತು. ಸಿಲಿಂಡರನ್ನು ಕೊಯ್ದು ನೋಡಲಾಗಿ ಒಳಗೆ ಮೇಣದಂಥ ಬಿಳಿಯ ಪುಡಿ. ದೋಸೆಯ ಕಾವಲಿಗಳಿಂದಾಗಿ ಇಂದು ಮನೆಮನೆಗೂ ಪರಿಚಿತವಾಗಿರುವ ಟೆಫ್ಲಾನ್ ಅದೇ. ಘನವಸ್ತುಗಳಲ್ಲಿ ಇದರಷ್ಟು ಕಡಮೆ ಘರ್ಷಣಾಂಕವುಳ್ಳವು ಬೆರಳೆಣಿಕೆಯಷ್ಟೇ. ಕೆನಡದ ಗ್ರಾಫ್‌ಟೆಕ್ ಸಂಸ್ಥೆ ಇದನ್ನೇ ಕೃತಕ ವಸ್ತುವೊಂದರ ಮೈಯಲ್ಲೆಲ್ಲ ಬೆರೆಸಿ ಎರಕಹೊಯ್ದ ನಟ್ಟುಗಳನ್ನು ಮಾರುತ್ತದೆ. ತಂತಿ ಉಜ್ಜಿದಷ್ಟೂ ಹೊಸ ಟೆಫ್ಲಾನ್ ಮೇಲೆ ಬರುವುದರಿಂದ ಅವಕ್ಕೆ ಪ್ರತ್ಯೇಕ ಲೇಪದ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಟೆಫ್ಲಾನ್ ಬೆರೆತ ಗ್ರೀಸುಗಳೂ ಚಿಕ್ಕ ಪಿಚಕಾರಿಗಳಲ್ಲಿ ತುಂಬಿ ಬರುತ್ತವೆ. ಅವುಗಳ ಗುಣದ ಬಗೆಗೆ ನನ್ನ ತಕರಾರಿಲ್ಲ. ಆದರೆ ಬೆಲೆಯನ್ನು ನೋಡಿದರೆ ಕೀಲೆಣ್ಣೆಯೋ ಅತ್ತರೋ ಎಂಬ ಭ್ರಮೆ ಹುಟ್ಟುತ್ತದೆ.

ತೆಳುವಾದ ಎಣ್ಣೆಗಳನ್ನು ನಟ್ಟಿನ ಹತ್ತಿರ ತರದಿರುವುದು ಒಳ್ಳೆಯದು. ಅವು ಮೂಳೆಗೆ ಇಳಿಯುತ್ತವೆ, ಪಕ್ಕದ ಮರಕ್ಕೆ ಹರಡುತ್ತವೆ, ಧೂಳನ್ನು ಹಿಡಿದು ತಿಂಗಳೊಳಗೆ ಅಂಟಾಗುತ್ತವೆ. ಬಾಗಿಲ ಕೀಲಿಗೆ ಹೊಡೆಯುವ ತುಂತುರು ಎಣ್ಣೆಗಳೂ ಅದೇ ಜಾತಿ. ಸಿಲಿಕೋನ್ ಎಣ್ಣೆ ಸೋಕಿದ ಮರಕ್ಕೆ ಮುಂದೆಂದಾದರೂ ವಾರ್ನಿಷ್ ಬಳಿಯಬೇಕಾಗಿ ಬಂದರೆ ಅದು ಕಣ್ಣುಕಣ್ಣಾಗಿ ಒಡೆದು ನಿಲ್ಲುವುದಿಲ್ಲ.

ಇಷ್ಟಾದರೂ, ಗಿಟಾರಿಗೆ ಕೀಲೆಣ್ಣೆಯ ಶಾಸ್ತ್ರವೇ ಬೇಕಾಯಿತೆಂದರೆ ಅದಕ್ಕೆ ಮುಖ್ಯ ಕಾರಣ ಒಂದು ಲೋಹದ ಸನ್ನೆ. ಕ್ಯಾಲಿಫೋರ್ನಿಯದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ರಿಪೇರಿಯಿಂದ ಆರಂಭಿಸಿ ಗಿಟಾರು ತಯಾರಿಕೆಗೆ ಬಂದ ಲಿಯೋ ಫೆಂಡರ್ 1954ರಲ್ಲಿ ಹೊರತಂದ ಸ್ಟ್ರಾಟೋಕಾಸ್ಟರ್ ಗಿಟಾರಿನಲ್ಲಿ ಕುದುರೆ ಸ್ಥಿರವಾಗಿರಲಿಲ್ಲ. ಮುಂಭಾಗದ ಆರು ತಿರುಪುಗಳ ಆಧಾರದ ಮೇಲೆ ಅದು ಹಿಂದುಮುಂದಾಗಿ ತೂಗುವಂತೆಯೂ, ಒಡಲಿನ ಹಿಂಬದಿಯ ಸ್ಪ್ರಿಂಗುಗಳ ಎಳೆತ ತಂತಿಗಳ ಎಳೆತಕ್ಕೆ ಸರಿಹೊಂದಿ ನಿಲ್ಲುವಂತೆಯೂ ಆತ ಅದನ್ನು ರಚಿಸಿದ್ದನು. ಸನ್ನೆಯನ್ನು ಒತ್ತಿದರೆ ಆರು ತಂತಿಗಳೂ ಒಮ್ಮೆಗೇ ಸಡಿಲಗೊಂಡು ಸ್ವರಗಳು ಅಲುಗಾಡುತ್ತವೆ. 1956ರಲ್ಲಿ ಅದಕ್ಕೆ ಪೇಟೆಂಟೂ ದೊರೆಯಿತು. ಹದವಾಗಿ ಬಳಸಿದಷ್ಟು ಕಾಲ ಅದು ಸಾಧುವಾಗಿಯೇ ಇದ್ದಿತು. ಆದರೆ 1960ರ ದಶಕದ ಕೊನೆಯಲ್ಲಿ ರಾಕ್ ವಾದಕ ಜಿಮಿ ಹೆಂಡ್ರಿಕ್ಸ್ ಅದನ್ನು ತಂತಿಗಳು ಜೋಲುಬೀಳುವಷ್ಟು ಒತ್ತಿ, ವಿಮಾನಗಳೂ ಬಾಂಬುಗಳೂ ಇಳಿಯುವಂಥ ಧ್ವನಿಗಳನ್ನು ಅದರಿಂದ ಎಬ್ಬಿಸತೊಡಗಿದಾಗ, ಶ್ರುತಿ ನಿಲ್ಲುವ ಬಗೆಯೇ ಉಳಿಯಲಿಲ್ಲ. ಆತನ ಸಭಾಧ್ವನಿಮುದ್ರಣಗಳಲ್ಲಿ ಹಾಡುಹಾಡಿನ ನಡುವೆ ಬಿರಡೆ ತಿರುಗಿಸುವ ಸದ್ದು ಧಾರಾಳವಾಗಿ ಕೇಳಿಸುತ್ತದೆ.

ಹೆಂಡ್ರಿಕ್ಸನ ಹಾದಿಯನ್ನೇ ಹಿಡಿದು ಇನ್ನೂ ಮುಂದೆ ಹೋದ ಎಡ್ಡಿ ವ್ಯಾನ್ ಹೇಲನ್, 1978ರ ತನ್ನ ತಂಡದ ಮೊದಲ ಧ್ವನಿಮುದ್ರಿಕೆಯ ಕಾಲದಲ್ಲಿ ಹಳೆಯ ಮಾದರಿಯ ಸನ್ನೆಯನ್ನೇ ಬಳಸುತ್ತಿದ್ದನು. ಹಿತ್ತಾಳೆಯ ನಟ್ಟಿನಲ್ಲಿ ಕೊರಕಲುಗಳನ್ನು ಅಗಲಿಸಿ, ಅವಕ್ಕೆ ತ್ರೀ-ಇನ್-ಒನ್ ಎಣ್ಣೆ ಬಿಡುತ್ತಿದ್ದುದಾಗಿ ಆತನೇ ಹೇಳಿಕೊಂಡಿದ್ದಾನೆ. 19ನೆಯ ಶತಮಾನದ ಕೊನೆಯಲ್ಲಿ ಬೈಸಿಕಲ್ಲುಗಳಿಗೆಂದು ತಯಾರಾದ ಎಣ್ಣೆ ಅದು. ತೆಳುವಾದ ಎಣ್ಣೆ ಸಲ್ಲದೆಂದು ಈಗತಾನೆ ಬರೆದವನಿಗೆ ಇದು ಪ್ರತಿವಾದದಂತೆ ತೋರಬಹುದು. ಆದರೆ ಹಿತ್ತಾಳೆ ಎಣ್ಣೆಯನ್ನು ಹೀರುವುದಿಲ್ಲ, ಮತ್ತು ದಿನದಿನವೂ ವಾದ್ಯವನ್ನು ಬಿಚ್ಚಿ ಕಟ್ಟುವವನಿಗೆ ಧೂಳು ಅಂಟುವಷ್ಟು ವ್ಯವಧಾನವೂ ಇರಲಿಲ್ಲ.

ಅದೇ ಕಾಲದಲ್ಲಿ ಇದಕ್ಕೆ ತೀರ ವಿರುದ್ಧವಾದ ಪರಿಹಾರವೊಂದು ಬೇರೊಬ್ಬನ ತಲೆಯಲ್ಲಿ ಮೂಡಿದ್ದಿತು. ಫ್ಲಾಯ್ಡ್ ರೋಸ್ ಎಂಬಾತ ರಾಕ್ ವಾದಕ. ಒಡವೆ ಮಾಡುವ ಕಸಬನ್ನೂ ಬಲ್ಲವನು. ಸನ್ನೆಯನ್ನು ಬಳಸುವಾಗಲೆಲ್ಲ ನಟ್ಟಿನಲ್ಲಿ ತಂತಿ ಸರಿದಾಡುವುದನ್ನು ಕಂಡ ಆತ, ಚೆನ್ನಾಗಿ ಜಾರಿಸುವ ಯತ್ನವನ್ನೇ ಬಿಟ್ಟು, ಜಾರುವುದನ್ನೇ ಇಲ್ಲವಾಗಿಸಿದರೆ ಹೇಗೆಂದು ಯೋಚಿಸಿ, ನಟ್ಟಿನ ಸ್ಥಾನದಲ್ಲಿ ತಂತಿಗಳನ್ನು ಅದುಮಿ ಹಿಡಿಯುವ ಲೋಹದ ಹಿಡಿಕೆಗಳನ್ನು ಮಾಡಿದನು. 1979ರಲ್ಲಿ ಅದಕ್ಕೆ ಪೇಟೆಂಟ್ ಬಂದಿತು. ಕುದುರೆಯ ಕಡೆಯೂ ತಂತಿಯನ್ನು ಹಾಗೆಯೇ ಬಿಗಿದುಬಿಟ್ಟಮೇಲೆ, ಸನ್ನೆಯನ್ನು ಎಷ್ಟು ಒತ್ತಿದರೂ ಎತ್ತಿದರೂ ತಂತಿ ಎಲ್ಲಿಯೂ ಉಜ್ಜುವುದಿಲ್ಲ. ಕುದುರೆ ತೂಗುವ ಎರಡು ಕತ್ತಿಯಲಗುಗಳು ಮಾತ್ರ ಚೂಪಾಗಿದ್ದು, ಅವಕ್ಕೆ ಒಂದಿಷ್ಟು ಗ್ರೀಸು ತಾಕಿದ್ದರೆ ಸಾಕು. ಎಣ್ಣೆಯೂ ಸರಿ, ಬೀಗವೂ ಸರಿ. ಅರೆಬರೆ ಹಿಡಿದುಕೊಳ್ಳುವುದು ಮಾತ್ರ ಸಲ್ಲದು. ಎಡ್ಡಿ ವ್ಯಾನ್ ಹೇಲನ್ನೇ ಈ ಉಪಕರಣವನ್ನು ಮೊದಮೊದಲು ಅಂಗೀಕರಿಸಿದವರಲ್ಲಿ ಒಬ್ಬನಾದನು. 1980ರ ದಶಕದ ಗಿಟಾರುಗಳಲ್ಲಿ ಅದು ಮನೆಮಾತಾಯಿತು.

ಬೀಗಕ್ಕೂ ಅದರದೇ ಆದ ಬೆಲೆಯುಂಟು. ನಟ್ಟಿನಲ್ಲಿ ತಂತಿ ಬಿಗಿಯಾದಮೇಲೆ ಬಿರಡೆಗಳು ನಿಷ್ಪ್ರಯೋಜಕ. ತುಸು ಕೆಟ್ಟ ಶ್ರುತಿಯನ್ನು ತಿದ್ದಲು ಕುದುರೆಯ ಮೇಲೆಯೇ ಬೇರೆ ಕಿರುತಿರುಪುಗಳನ್ನು ಕೂಡಿಸಬೇಕಾಯಿತು. ತಂತಿ ಬದಲಿಸಬೇಕಾದರೆ ಆರು ಮೂಲೆಯ ಕೀಲಿ ಕೈಯಲ್ಲಿರಬೇಕು, ತಾಳ್ಮೆ ಮನಸ್ಸಿನಲ್ಲಿರಬೇಕು. ಹಾಡಿನ ನಡುವೆ ಒಂದು ತಂತಿ ಹರಿಯಿತೆಂದರೆ ಸ್ಪ್ರಿಂಗುಗಳ ಎಳೆತ ಮೇಲಾಗಿ ಉಳಿದ ಐದೂ ಒಟ್ಟಿಗೆ ಏರಿಬಿಡುತ್ತವೆ. ಈ ತಾಪತ್ರಯ ಬೇಡವೆನ್ನುವವರಿಗೆ ನಡುವಣ ದಾರಿಗಳೂ ಹುಟ್ಟಿಕೊಂಡುವು. 1987ರಲ್ಲಿ ಬಂದ ಸ್ಟ್ರಾಟ್ ಪ್ಲಸ್ ಗಿಟಾರಿನಲ್ಲಿ ಫೆಂಡರ್ ಸಂಸ್ಥೆ, ತಂತಿ ಉರುಳುವ ರೋಲರುಗಳುಳ್ಳ ವಿಲ್ಕಿನ್ಸನ್ ನಟ್ಟನ್ನೂ ಸ್ಪರ್ಜೆಲ್ ಎಂಬ ಹೆಸರಿನ ಲಾಕಿಂಗ್ ಬಿರಡೆಗಳನ್ನೂ ಜೊತೆಗೂಡಿಸಿತು. ಸನ್ನೆಯನ್ನು ಬೆರಳಂಚಿನಲ್ಲಿ ಹಿಡಿದು ಹಾಡಿನಂತೆಯೇ ನುಡಿಸುತ್ತಿದ್ದ ಜೆಫ್ ಬೆಕ್‌ನ ಗಿಟಾರಿನಲ್ಲಿಯೂ ರೋಲರ್ ನಟ್ಟೇ ಇದ್ದುದು. ಲಾಕಿಂಗ್ ಬಿರಡೆ ಬಿಗಿಯುವುದು ತಂತಿಯನ್ನೇ ಹೊರತು ಹಲ್ಲುಚಕ್ರವನ್ನಲ್ಲ: ಕಂಬದ ರಂಧ್ರದಲ್ಲಿ ತೂರಿದ ತಂತಿಯನ್ನು ಒಂದು ಮೊಳೆ ಅದುಮಿ ಹಿಡಿಯುವುದರಿಂದ ಒಂದು ಪೂರ್ಣ ಸುತ್ತೂ ಬೇಕಾಗುವುದಿಲ್ಲ, ಸುತ್ತುಗಳು ಒಂದರ ಮೇಲೊಂದು ಬಿಗಿಯಾಗುತ್ತ ಸಡಿಲವಾಗುತ್ತ ಮಾಡುವ ಕಿರುಕುಳವೂ ಇಲ್ಲ. ಸಾಮಾನ್ಯ ಬಿರಡೆಯಲ್ಲಿಯೂ ಎರಡು-ಮೂರು ಸುತ್ತುಗಳನ್ನು ಒತ್ತಾಗಿ, ಒಂದರ ಕೆಳಗೊಂದು ಬರುವಂತೆ ಸುತ್ತಿ, ಹೊಸ ತಂತಿಯನ್ನು ಕೈಯಿಂದ ಹಲವು ಬಾರಿ ಮೆಲ್ಲನೆ ಎಳೆದು ಸಡಿಲು ತೆಗೆದು, ಯಾವಾಗಲೂ ತಗ್ಗಿನಿಂದ ಮೇಲಕ್ಕೆ ಶ್ರುತಿಗೂಡಿಸುವ ಅಭ್ಯಾಸವಿರಿಸಿಕೊಂಡವನಿಗೆ ಆ ಖರ್ಚು ಅವಶ್ಯವೆಂದು ನನಗೆ ತೋರುವುದಿಲ್ಲ.

ಜಿ ತಂತಿಯ ಕಾಟಕ್ಕೆ ಇನ್ನೊಂದು ಹಳೆಯ ಮದ್ದಿದ್ದಿತು. 1950ರ ದಶಕದಲ್ಲಿ ಮಾರುತ್ತಿದ್ದ ಕಟ್ಟುಗಳಲ್ಲಿ ಮೂರನೆಯದು ಬರಿಯ ಉಕ್ಕಿನ ತಂತಿಯ ಬದಲು, ತೆಳುವಾದ ಒಳತಂತಿಯ ಮೇಲೆ ಇನ್ನೊಂದು ಎಳೆ ಸುತ್ತಿದ ಸುತ್ತುತಂತಿಯಾಗಿರುತ್ತಿದ್ದಿತು. ಎಳೆತವನ್ನು ಹೊರುವ ಒಳತಂತಿ ತೆಳ್ಳಗಿದ್ದು ಹೆಚ್ಚು ಹಿಗ್ಗುವುದರಿಂದ ಕೊರಕಲಿನ ಕಿರುಜಾರಿಗೆ ಅದು ಅಷ್ಟು ಬೇಗ ಮಣಿಯುವುದಿಲ್ಲ. ಆದರೆ ಅದು ಗಡಸು. ಅಡ್ಡಲಾಗಿ ಎಳೆದು ಸ್ವರವನ್ನು ಅಳಿಸುವ ನಗಿಸುವ ರಾಕ್ ವಾದಕರ ಬೆರಳಿಗೆ ಬಗ್ಗುವಂಥದಲ್ಲ. ಅಂಥವರು ಬ್ಯಾಂಜೋ ತಂತಿಗಳನ್ನು ತಂದು ಏರಿಸಿಕೊಳ್ಳುತ್ತಿದ್ದುದನ್ನು ನೋಡಿಯೇ ಕ್ಯಾಲಿಫೋರ್ನಿಯದ ಗಿಟಾರು ಅಂಗಡಿಕಾರ ಅರ್ನಿ ಬಾಲ್ 1962ರಲ್ಲಿ ತೆಳುತಂತಿಗಳ ಸ್ಲಿಂಕಿ ಕಟ್ಟನ್ನು ಮಾರುಕಟ್ಟೆಗೆ ತಂದದ್ದು, ಮತ್ತು ಸುತ್ತಿಲ್ಲದ ಮೂರನೆಯ ತಂತಿ ಮನೆಮನೆಯ ಗಿಟಾರಿಗೆ ಏರಿದ್ದು. ಟೊಳ್ಳೊಡಲಿನ ಗಿಟಾರು ಹಿಡಿದು ಜಾಜ್ ನುಡಿಸುವವರಲ್ಲಿ ಅನೇಕರು ಇಂದಿಗೂ ಸುತ್ತುತಂತಿಯನ್ನು ಬಿಟ್ಟಿಲ್ಲ. ಅವರಿಗೆ ಸನ್ನೆಯ ಗೊಡವೆಯಿಲ್ಲ, ತಂತಿಯನ್ನು ಎಳೆದಾಡುವ ಚಪಲವೂ ಕಡಮೆ. ಅವರ ಗಿಟಾರಿನ ಪೆಟ್ಟಿಗೆಯಲ್ಲಿ ಸೀಸದಕಡ್ಡಿ ಕಂಡರೆ ಅದು ಬಹುಮಟ್ಟಿಗೆ ಸ್ವರಲಿಪಿ ಬರೆದುಕೊಳ್ಳುವುದಕ್ಕೆಂದೇ ತಿಳಿಯಬೇಕು.